ಕೇರೆಹಾವಿನ ಬೇಸಿಗೆ

ಗೋಪಮ್ಮ ಕಲ್ಲೂರಿನಿಂದ ಮಾನ್ವಿಗೆ, ಗಂಡನ ಮನೆಗೆ ಬಂದದ್ದು ೧೯೮೨ರ ಯುಗಾದಿ ಮುಗಿದ ಮೇಲೆ. ಮನೆ ಅಂದರೆ ತಗಡು ಹೊದಿಸಿದ ಒಂದೇ ಕೋಣೆ. ಗಂಡ ಪಕೀರಪ್ಪ ನೀರಾವರಿ ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ. ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಕೇರೆಹಾವು ಸಾಕಿದ್ದೇನೆಂದೂ ಅವನು ಹೇಳಿರಲಿಲ್ಲ.

"ಯವ್ವಾ!" ಎಂದು ಗೋಪಮ್ಮ ಹೊಸ್ತಿಲಾಚೆ ಜಿಗಿದಳು.

"ವಿಷ ಇಲ್ಲ ಅದಕ್ಕ," ಅಂದ ಪಕೀರಪ್ಪ. "ಮರಿ ಇದ್ದಾಗ ಕಾಲುವಿ ದಂಡಿಮ್ಯಾಲ ಬಾಲ ಜಜ್ಜಿ ಬಿದ್ದಿತ್ತು. ಎತ್ತಿಕೊಂಡು ಬಂದೆ."

"ಗದ್ದ್ಯಾಗ ದಿನಾ ನೋಡೀನ್ರಿ. ಅಲ್ಲಿ ಅದು ತನ್ನ ಹಾದಿ ಹಿಡಿದು ಹೋಗತದ. ಇಲ್ಲಿ ಅದೂ ನಾನೂ ಒಂದ ಕೋಣ್ಯಾಗ ಮಲಗಬೇಕೇನ್ರಿ?"

ಗೋಪಮ್ಮ ಎದುರು ಗೋಡೆಗೆ ಹಾಸಿಗೆ ಸರಿಸಿಕೊಂಡಳು.

ಬಿಸಿಲು ಏರಿದಂತೆ ತಗಡು ಕಾಯತೊಡಗಿತು. ಹಾವು ಇಡೀ ದಿನ ನೀರಿನ ಬಟ್ಟಲಲ್ಲೇ ಸುರುಳಿ ಸುತ್ತಿ ಬಿದ್ದಿರುತ್ತಿತ್ತು. ಅಂಥದರಲ್ಲೇ ಪಕೀರಪ್ಪನನ್ನು ಅಳತೆ ಕೆಲಸಕ್ಕೆಂದು ದೇವದುರ್ಗಕ್ಕೆ ಕಳಿಸಿದರು. ಹೊರಡುವಾಗ ಅವನು ಪೆಟ್ಟಿಗೆಯ ಮೇಲಿನ ಜಾಳಿಗೆಗೆ ಒದ್ದೆ ಗೋಣಿಚೀಲ ಹೊದಿಸಿದ.

"ಇಲಿ ತಿಂದದ, ನಾ ಬರೋತನಕ ಏನೂ ಬ್ಯಾಡ. ಚೀಲ ಒಣಗದಂಗ ನೀರು ಹಾಕಿದ್ರ ಸಾಕು." ಹೊಸ್ತಿಲಲ್ಲಿ ತಿರುಗಿ, "ನಿನಗ ಬ್ಯಾಡಂದ್ರ ಈಗ್ಲೇ ಬಿಟ್ಟು ಬರ್ತೀನಿ" ಅಂದ.

ಅವನ ಮುಖ ನೋಡಿ ಗೋಪಮ್ಮನಿಗೆ ಹೂಂ ಅನ್ನಲಾಗಲಿಲ್ಲ. "ಹಾಕ್ತೀನಿ, ಹೋಗಿ ಬರ್ರಿ."

ದೂರ ನಿಂತೇ ಚೀಲಕ್ಕೆ ನೀರು ಎರಚಿದಳು. ಸೆಖೆ ಹೆಚ್ಚಾದಷ್ಟೂ ಹೆಚ್ಚು ಎರಚಿದಳು. ಕೆಲವೇ ದಿನಗಳಲ್ಲಿ ಒಳಗಿನ ಮರಳೆಲ್ಲ ತೊಯ್ದು ಗಾಜಿಗೆ ಹಬೆ ಕಟ್ಟಿತು. ಒಂದು ಮಧ್ಯಾಹ್ನ ಹಾವು ಗಾಜಿಗೆ ಆತು ಮೇಲೆದ್ದಾಗ ಅದರ ಹೊಟ್ಟೆಯ ಮೇಲೆ ಸಣ್ಣ ಸಣ್ಣ ನೀರುಗುಳ್ಳೆ ಕಂಡವು. ನಾಟಿ ದಿನಗಳಲ್ಲಿ ಕೆಸರಲ್ಲೇ ನಿಂತು ತನ್ನ ಕಾಲ್ಬೆರಳ ಸಂದಿ ಕೆಡುತ್ತಿದ್ದುದು ಗೋಪಮ್ಮನಿಗೆ ನೆನಪಾಯಿತು.

ಚೀಲ ಕಿತ್ತು ಹೊರಗೆಸೆದಳು. ಖಾಲಿ ಗಡಿಗೆಯೊಂದನ್ನು ಅಡ್ಡ ಮಲಗಿಸಿ ಒಳಗಿಟ್ಟಳು. ಕತ್ತಲು ಕಂಡು ಹಾವು ತಾನಾಗಿ ಅದರೊಳಗೆ ಸರಿಯಿತು. ಬಾಯಿಗೆ ಬಟ್ಟೆ ಮುಚ್ಚಿ ಗಡಿಗೆ ಎತ್ತಿಟ್ಟು, ಮರಳೆಲ್ಲ ಬದಲಿಸಿ, ಹಾವನ್ನು ಮತ್ತೆ ಒಳಗೆ ಬಿಟ್ಟಳು.

ಗುಳ್ಳೆ ಒಣಗಿದವು. ಆದರೆ ಈಗ ಹಾವಿನ ಕಣ್ಣು ಹಾಲಿನಂತೆ ಮಬ್ಬಾಯಿತು. ಪೊರೆ ಬಿಡುವ ಹೊತ್ತು. ಕುತ್ತಿಗೆಯ ಹತ್ತಿರ ಪೊರೆ ಒಣಗಿ, ಚೂರುಚೂರಾಗಿ ಮೈಗಂಟಿಕೊಂಡಿತ್ತು.

"ಒದ್ದೀನೂ ಆಗಂಗಿಲ್ಲ, ಒಣಾನೂ ಆಗಂಗಿಲ್ಲ. ಏನು ಬೇಕವ್ವ ನಿನಗ?" ಹಾವಿನೊಡನೆ ಅವಳು ಆಡಿದ ಮೊದಲ ಮಾತು ಅದು.

ಕೇಳುತ್ತಲೇ ಅವಳಿಗೆ ಹೊಳೆಯಿತು. ತಾನೂ ಗದ್ದೆಯಲ್ಲಿ ಸಾಕಾದಾಗ ಬದುವಿಗೆ ಹತ್ತುತ್ತಿದ್ದಳು, ಬೇಕಾದಾಗ ಇಳಿಯುತ್ತಿದ್ದಳು. ಹಾವಿಗೂ ಎರಡೂ ಇದ್ದರೆ ಅದೇ ಆರಿಸಿಕೊಂಡೀತು. ಪೆಟ್ಟಿಗೆಯನ್ನು ಎಳೆದು ಒಂದು ತುದಿ ಕಿಟಕಿಯ ಬೆಚ್ಚಗಿನ ಗಾಳಿಗೆ, ಇನ್ನೊಂದು ತುದಿ ನೀರಿನ ಹರವಿಯ ತಂಪಿಗೆ ಬರುವಂತೆ ಇಟ್ಟಳು. ಬೆಚ್ಚಗಿನ ಕಡೆ ಒಣ ಮರಳು. ತಂಪಿನ ಕಡೆ ಆ ಗಡಿಗೆ, ಅದರೊಳಗೆ ಹಿಂಡಿದ ಒದ್ದೆ ಗೋಣಿಯ ತುಂಡು. ಕೊನೆಗೆ ಕಣ್ಣು ಮುಚ್ಚಿ ಕೈ ಒಳಗಿಟ್ಟು ಎರಡೂ ಕಡೆ ಮುಟ್ಟಿ ನೋಡಿದಳು. ಹಾವು ಅಲುಗಲಿಲ್ಲ. ಅಂದಿನಿಂದ ಅದು ಗಡಿಗೆಗೂ ಮರಳಿಗೂ ಓಡಾಡಿಕೊಂಡಿತ್ತು.

ಪಕೀರಪ್ಪ ಬಸ್ಸಿಳಿದು ಬಂದವನೇ ಪೆಟ್ಟಿಗೆ ನೋಡಿ ಗಾಬರಿಯಾದ. "ಚೀಲ ಎಲ್ಲಿ?"

ಗೋಪಮ್ಮ ಹಾವು ಬಿಟ್ಟ ಪೊರೆಯನ್ನು ಅವನ ಕೈಗಿಟ್ಟಳು. ಕುತ್ತಿಗೆಯ ಹತ್ತಿರ ಮಾತ್ರ ಹರಿದಿತ್ತು, ಉಳಿದದ್ದೆಲ್ಲ ಅಖಂಡ. ಬೆಳಕಿಗೆ ಹಿಡಿದರೆ ಕಣ್ಣಿನ ಜಾಗದಲ್ಲೂ ಪೊರೆ ಸರಿಯಾಗಿ ಬಿಟ್ಟಿತ್ತು. ಹಾವು ಮರಳ ಮೇಲೆ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು.

"ಯಾರು ಹೇಳಿಕೊಟ್ರು ನಿನಗ?"

"ಯಾರು ಹೇಳ್ತಾರ್ರಿ? ಮದ್ಲ ಕೆಡಿಸಿದೆ, ಆಮ್ಯಾಲ ಕೈ ಇಟ್ಟು ನೋಡಿದೆ."

"ಕೈ ಇಟ್ಟೆ? ನೀನು?" ಪಕೀರಪ್ಪ ಜೋರಾಗಿ ನಕ್ಕ. ಅವನು ನಗುವುದನ್ನು ಅವಳು ಕಂಡದ್ದು ಅದೇ ಮೊದಲು. ಅಂದು ಊಟಕ್ಕೆ ಕೂತವರು ತಟ್ಟೆ ಒಣಗುವ ತನಕ ಮಾತಾಡಿದರು. ಅವನು ದೇವದುರ್ಗದ ಸುದ್ದಿ ಹೇಳಿದ, ಅವಳು ಕಲ್ಲೂರಿನದು.

ಮರುವಾರ ಇಬ್ಬರೂ ಬಡಗಿ ಮೀರಾಹುಸೇನನ ಅಂಗಡಿಗೆ ಹೋದರು. ಹಾವು ಬೆಳೆದಿತ್ತು, ಪೆಟ್ಟಿಗೆ ಸಾಲುತ್ತಿರಲಿಲ್ಲ.

"ಎಷ್ಟು ದೊಡ್ಡದು ಬೇಕ್ರಿ?" ಮೀರಾಹುಸೇನ ಕೇಳಿದ.

ಗೋಪಮ್ಮ ಎರಡೂ ತೋಳು ಚಾಚಿ ತೋರಿಸಿದಳು. ಅವಳ ತೋಳಿಗೆ ಜಾಗ ಸಾಲದೆಂದು ಪಕೀರಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.