ವೀರಮ್ಮ ಹೇಳಿಟ್ಟ ಬಾಣಂತನ

ಆಷಾಢದ ಗಾಳಿ ಬೀಸಿತೆಂದರೆ ನಮ್ಮ ಕಡೆ ಕರೆಂಟು ಹೋಗುತ್ತದೆ. ಬರುತ್ತದೆ, ಮತ್ತೆ ಹೋಗುತ್ತದೆ. ನಾವು ಬೈಯುತ್ತೇವೆ, ದೀಪ ಹಚ್ಚುತ್ತೇವೆ, ಮರೆತುಬಿಡುತ್ತೇವೆ. ಬಾಳೆಹೊನ್ನೂರಿನ ಹತ್ತಿರ ಹಿಟ್ಟಿನ ಮಿಲ್ಲು ನಡೆಸುವ ರೇಣುಕಪ್ಪನಿಗೆ ಮಾತ್ರ ಆ ಸೋಮವಾರ ಹೋದ ಕರೆಂಟನ್ನು ಈ ಜನ್ಮದಲ್ಲಿ ಮರೆಯಲಾಗುವುದಿಲ್ಲ.

ರೇಣುಕಪ್ಪನ ಹೆಂಡತಿ ವೀರಮ್ಮ ತೀರಿಕೊಂಡು ಎರಡು ವರ್ಷವಾಯಿತು. ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಆಕೆ ತನಗಾಗಿ ಅಳಲಿಲ್ಲ. ಮಗಳು ಕೃತಿಕಾಳಿಗೆ ಆಗಷ್ಟೇ ಎನ್.ಆರ್. ಪುರಕ್ಕೆ ಮದುವೆ ಮಾಡಿಕೊಟ್ಟಿದ್ದರು. ನಾಳೆ ಅವಳು ಬಸುರಿಯಾಗಿ ತವರಿಗೆ ಬಂದರೆ ಬಾಣಂತನ ಮಾಡುವವರು ಯಾರು? ಅದೊಂದೇ ಚಿಂತೆ ಆಕೆಯನ್ನು ಕೊರೆಯುತ್ತಿತ್ತು.

"ನಾನು ಹೇಳ್ತಾ ಹೋಗ್ತೀನಿ, ನೀನು ಮೊಬೈಲಲ್ಲಿ ಹಿಡ್ಕೊ. ನಾನಿಲ್ದಿದ್ರೂ ನನ್ನ ಬಾಣಂತನ ನಿಂಗೆ ಸಿಗ್ಲಿ" ಎಂದು ಮಗಳಿಗೆ ಹೇಳಿದಳು ವೀರಮ್ಮ.

ಫೋಟೋ ತೆಗೆಯುತ್ತಾರೆಂದರೆ ಸೆರಗು ಎಳೆದುಕೊಂಡು ಕಂಬದ ಹಿಂದೆ ಸರಿಯುತ್ತಿದ್ದ ಹೆಂಗಸು, ಮೂರು ವಾರ ದಿನಾ ಮೊಬೈಲಿನ ಮುಂದೆ ಕೂತಳು. ದಿಂಬನ್ನೇ ಮಗುವೆಂದುಕೊಂಡು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುವುದು ತೋರಿಸಿದಳು. ನೀರಿನ ಬಿಸಿ ಮೊಣಕೈಯಲ್ಲಿ ನೋಡಬೇಕು ಎಂದಳು. ಬಾಣಂತಿಗೆ ಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಮಾಡುವುದನ್ನು ಹೇಳಿದಳು. ತನಗೆ ತನ್ನ ತಾಯಿ ಹೇಳುತ್ತಿದ್ದ ಜೋಗುಳ ಹಾಡಿದಳು, ನಡುನಡುವೆ ಉಸಿರು ಕಟ್ಟಿ ನಿಲ್ಲಿಸಿದಳು. ಒಟ್ಟು ಹತ್ತೊಂಬತ್ತು ವಿಡಿಯೋ.

ಮೊಬೈಲು ತುಂಬಿತು. ಕೃತಿಕಾ ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಹಾಕಿದಳು, ಮೊಬೈಲಿನಿಂದ ಅಳಿಸಿದಳು. "ಕಂಪ್ಯೂಟರಲ್ಲಿ ಭದ್ರವಾಗಿರುತ್ತೆ ಬಿಡಪ್ಪ" ಎಂದಳು. ಅವಳೂ ಹಾಗೇ ನಂಬಿದ್ದಳು, ಪಾಪ.

ವೀರಮ್ಮ ಹೋದ ಮೇಲೆ ಪ್ರತಿ ಸೋಮವಾರ ಸಂಜೆ ಲಿಂಗಪೂಜೆ ಮುಗಿಸಿ ರೇಣುಕಪ್ಪ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಅವನಿಗೆ ಅದರಲ್ಲಿ ಬರುತ್ತಿದ್ದುದು ಇಷ್ಟೇ: ಸ್ವಿಚ್ ಹಾಕುವುದು, ಕಾಯುವುದು, 'ಅಮ್ಮ' ಎಂದು ಬರೆದಿದ್ದನ್ನು ಒತ್ತುವುದು. ಬಾಣಂತನದ ಮಾತು ಅವನಿಗೇನೂ ಬೇಕಿರಲಿಲ್ಲ. ಅವಳ ದನಿ ಬೇಕಿತ್ತು.

ಆ ಸೋಮವಾರ ಜೋಗುಳ ಅರ್ಧ ಆಗಿತ್ತು, ಕರೆಂಟು ಹೋಯಿತು. ಬಂತು, ಸ್ವಿಚ್ ಹಾಕಿದ, ಮತ್ತೆ ಹೋಯಿತು. ಕೊನೆಗೆ ಕರೆಂಟು ಹೋಗದೆ ಉಳಿದರೂ ಕಂಪ್ಯೂಟರು ಶುರುವಾಗಲಿಲ್ಲ. ಕಪ್ಪು ಪರದೆ, ಅದರ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಅಕ್ಷರ. ರೇಣುಕಪ್ಪ ಆರಿಸಿ ಹಾಕಿದ. ಇಪ್ಪತ್ತು ಸಲ ಆರಿಸಿ ಹಾಕಿದ.

ಮಾರನೆಯ ದಿನ ಪಕ್ಕದ ಮನೆಯ ಲಿಂಗಪ್ಪ ಬಂದು ನೋಡಿದ.

"ಎಂತ ಆಗಿದೆ ಮಾರಾಯ ಇದಕ್ಕೆ?"

"ತಂಡಿ ಹಿಡಿದಿರ್ಬೇಕು" ಎಂದ ರೇಣುಕಪ್ಪ. "ಮಿಲ್ಲಿನ ಮೋಟಾರಿಗೂ ಹಿಂಗೇ ಆಗುತ್ತಲ್ಲ. ಬಿಸಿ ಕೊಟ್ರೆ ಸರಿಯಾಗುತ್ತೆ."

"ಹೌದು ಮತ್ತೆ. ನಮ್ಮನೆ ರೇಡಿಯೋನೂ ಹಂಗೇ ಆಗಿತ್ತು. ಬಚ್ಚಲೊಲೆ ಹತ್ರ ಇಟ್ಟೆ, ಮರುದಿನ ಹಾಡ್ತು."

ಮೋಟಾರಿನ ವಿಷಯದಲ್ಲಿ ರೇಣುಕಪ್ಪ ಗಟ್ಟಿ ಆಳು. ಇಪ್ಪತ್ತೈದು ವರ್ಷದಿಂದ ತೇವ ಹಿಡಿದ ಮೋಟಾರನ್ನು ಒಣಗಿಸಿಯೇ ಓಡಿಸಿದ್ದಾನೆ. ತನಗೆ ಗೊತ್ತಿದೆ ಎನ್ನುವ ಆ ಧೈರ್ಯವೇ ಅವನ ಕೈ ಕಚ್ಚಿತು. ಕಂಪ್ಯೂಟರಿನ ಡಬ್ಬಿಯನ್ನು ಹೊತ್ತುಕೊಂಡು ಹೋಗಿ, ಬಚ್ಚಲೊಲೆಯ ಮೇಲೆ ಒದ್ದೆ ಬಟ್ಟೆ, ಕಂಬಳಿ ಒಣಗಿಸುವ ಹಲಗೆಯ ಮೇಲೆ ಇಟ್ಟ. ಮೂರು ದಿನ ಸೌದೆ ಕಡಿಮೆ ಮಾಡಲಿಲ್ಲ.

ನಡುವೆ ಮಗಳ ಫೋನು ಬಂತು. "ಅಪ್ಪ, ಏಳು ತಿಂಗಳು ತುಂಬ್ತು. ಶ್ರಾವಣಕ್ಕೆ ಬರ್ತೀನಿ. ಬಂದ ತಕ್ಷಣ ಅಮ್ಮನ ವಿಡಿಯೋ ಎಲ್ಲ ನೋಡ್ಬೇಕು. ನಂಗ್ಯಾಕೋ ಹೆದರಿಕೆ ಆಗ್ತಿದೆ ಅಪ್ಪ."

"ಹ್ಞೂ, ಬಾ ಮಗಾ" ಎಂದ. ಕಂಪ್ಯೂಟರಿನ ವಿಷಯ ಹೇಳದೆ ಫೋನಿಟ್ಟು, ಒಲೆಗೆ ಇನ್ನೆರಡು ಸೌದೆ ಒಟ್ಟಿದ.

ನಾಲ್ಕನೆಯ ದಿನ ಡಬ್ಬಿ ಇಳಿಸಿ ಮಿಲ್ಲಿಗೆ ತಂದು ಸ್ವಿಚ್ ಹಾಕಿದ. ಈಗ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರತೊಡಗಿತು. ಹೊತ್ತಿಗೆ ಸರಿಯಾಗಿ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಅರ್ಪಣಾ ಅಕ್ಕಿ ಹಿಟ್ಟು ಮಾಡಿಸಲು ಬಂದಳು. ಸದ್ದು ಕೇಳಿದವಳೇ ಅಕ್ಕಿ ಚೀಲ ಅಲ್ಲೇ ಇಳಿಸಿದಳು.

"ರೇಣುಕಪ್ಪಣ್ಣ, ಮೊದ್ಲು ಆರ್ಸಿ! ಇನ್ನೊಂದ್ಸಲ ಹಾಕ್ಬೇಡಿ!"

ವಿಷಯ ಕೇಳಿ ಅರ್ಪಣಾಳ ಮುಖ ಇಳಿಯಿತು. ಅಷ್ಟರಲ್ಲಿ ಲಿಂಗಪ್ಪನೂ ಬಂದು ಸೇರಿದ.

"ಹೊಸದಾಗಿ ವಿಂಡೋಸ್ ಹಾಕ್ಸಿದ್ರೆ ಆಯ್ತಪ್ಪ" ಎಂದ ಲಿಂಗಪ್ಪ. "ನನ್ನ ಅಳಿಯ ಹಂಗೇ ಮಾಡ್ಸಿದ್ದು."

"ಹಂಗೆ ಮಾಡಿದ್ರೆ ಕಂಪ್ಯೂಟರು ಶುರುವಾಗಬಹುದು ಲಿಂಗಪ್ಪಣ್ಣ. ಆದ್ರೆ ಒಳಗಿದ್ದ ವೀರಮ್ಮಕ್ಕ ಅಳಿಸಿಹೋಗ್ತಾರೆ."

ರೇಣುಕಪ್ಪ ಬೇಸರದಿಂದ ಕೈ ಬೀಸಿದ. "ಸುಮ್ನಿರು ಮಾರಾಯ್ತಿ. ಶುರುವೇ ಆಗ್ದಿದ್ದ ಮೇಲೆ ಒಳಗೆ ಇನ್ನೆಂತ ಉಳಿದಿರುತ್ತೆ?"

"ನಿಮ್ಮ ಮಿಲ್ಲಿನ ಶಟರು ಸಿಕ್ಕಿಹಾಕ್ಕೊಂಡ್ರೆ ಒಳಗಿರೋ ಹಿಟ್ಟೆಲ್ಲ ಖಾಲಿಯಾಯ್ತು ಅಂತೀರಾ?"

"ಅದ್ಹೆಂಗೆ ಆಗುತ್ತೆ? ಹಿಂದಿನ ಬಾಗಿಲಿಂದ ಹೋಗಿ ತರ್ತೀನಿ."

"ಇದೂ ಅಷ್ಟೇ ಅಣ್ಣ. ಎಲ್ಲ ಇರೋದು ಹಾರ್ಡ್ ಡಿಸ್ಕ್ ಅನ್ನೋ ಒಂದು ಸಣ್ಣ ಪೆಟ್ಟಿಗೇಲಿ. ಕರೆಂಟು ಪದೇಪದೇ ಹೋಗಿ ಶುರುವಾಗೋ ಭಾಗ ಕೆಟ್ಟಿರುತ್ತೆ. ಆ ಪೆಟ್ಟಿಗೆ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಒಳಗಿದ್ದನ್ನ ಮೊದ್ಲು ಬೇರೆ ಕಡೆಗೆ ತೆಗೀತಾರೆ. ರಿಪೇರಿ ಆಮೇಲೆ. ನಾಳೆನೇ ಕೊಪ್ಪಕ್ಕೆ ಹೋಗೋಣ."

ಮರುದಿನ ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ರೇಣುಕಪ್ಪ ಬಸ್ಸಿನಲ್ಲಿ ಕೂತ. ಕೊಪ್ಪದಲ್ಲಿ ರಾಜಶೇಖರನ ಕಂಪ್ಯೂಟರ್ ರಿಪೇರಿ ಅಂಗಡಿ. ಅವನು ಡಬ್ಬಿ ಬಿಚ್ಚಿ ಮಸಿ ನೋಡಿದ.

"ಬೆಂಕಿ ಹತ್ರ ಇಟ್ಟಿದ್ರಾ ಯಜಮಾನ್ರೆ?"

"ಮೂರು ದಿನ."

ರಾಜಶೇಖರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಆಮೇಲೆ ನಿಧಾನಕ್ಕೆ ಹೇಳಿದ. "ಸುಳ್ಳು ಹೇಳಲ್ಲ. ಮೊದಲನೇ ದಿನ ತಂದಿದ್ರೆ ಎಲ್ಲಾ ಸಿಗ್ತಿತ್ತೇನೋ. ಇದರೊಳಗೆ ತಟ್ಟೆ ಇರುತ್ತೆ, ಅದನ್ನ ಓದೋಕೆ ಒಂದು ಮುಳ್ಳು. ಬಿಸಿಗೆ ಅದು ಕೆಟ್ಟಿದೆ. ಆಮೇಲೆ ನೀವು ಸ್ವಿಚ್ ಹಾಕಿದಾಗ ಮುಳ್ಳು ತಟ್ಟೆ ಗೀರಿದೆ. ಆ ಟಕ್ ಟಕ್ ಸದ್ದು ಅದೇ. ಕೈಲಾದಷ್ಟು ಮಾಡ್ತೀನಿ."

ಅವನು ಕೈಲಾದಷ್ಟು ಮಾಡಿದ. ಉಳಿದದ್ದಕ್ಕಾಗಿ ಡಿಸ್ಕನ್ನು ಇಂಥದ್ದನ್ನೇ ಬಿಚ್ಚಿ ನೋಡುವ ದೊಡ್ಡ ಊರಿನ ಲ್ಯಾಬಿಗೂ ಕಳಿಸಿದ. ಅವರೂ ಆಗುವುದಿಲ್ಲವೆಂದು ವಾಪಸು ಕಳಿಸಿದರು. ಹತ್ತೊಂಬತ್ತರಲ್ಲಿ ಸಿಕ್ಕಿದ್ದು ನಾಲ್ಕೂವರೆ. ಜೋಗುಳ ಸಿಗಲಿಲ್ಲ.

ಶ್ರಾವಣದಲ್ಲಿ ಕೃತಿಕಾ ಬಂದಳು. ಅವಳು ಚಪ್ಪಲಿ ಬಿಡುವ ಮೊದಲೇ ರೇಣುಕಪ್ಪ ಹೇಳಿಬಿಟ್ಟ. ಕರೆಂಟು, ಬಚ್ಚಲೊಲೆ, ಎಲ್ಲ. "ನಾನೇ ಹಾಳು ಮಾಡ್ದೆ ಮಗಾ" ಎಂದ. ಬಿಕ್ಕಿ ಬಿಕ್ಕಿ ಅತ್ತ.

ಕೃತಿಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಜಗಲಿಯಲ್ಲೇ ಕೂತಳು. "ಮೊಬೈಲಿಂದ ಅಳಿಸಿದ್ದು ನಾನು ಅಪ್ಪ" ಎಂದಳು. ಬೈದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇಬ್ಬರೂ ಕೂತು ಸಿಕ್ಕಿದ್ದನ್ನು ನೋಡಿದರು. ಎಣ್ಣೆ ಹಚ್ಚುವುದು ಇತ್ತು, ನೀರು ಹಾಕುವುದು ಇತ್ತು, ಸಾರು ಇತ್ತು, ತೊಟ್ಟಿಲು ಕಟ್ಟುವುದು ಇತ್ತು. ಕೊನೆಯ ಅರ್ಧದಲ್ಲಿ ವೀರಮ್ಮ ದಿಂಬು ಎತ್ತಿಕೊಂಡು, ನಗುತ್ತಾ, "ಮಗು ಹಟ ಹಿಡಿದು ಅತ್ರೆ ಹೆದರ್ಬೇಡ ಕೃತಿ. ನೀನೂ ಹಂಗೇ ಅಳ್ತಿದ್ದೆ. ನಾನು ಎಂತ ಮಾಡ್ತಿದ್ದೆ ಅಂದ್ರೆ..." ಎಂದಳು. ಅಲ್ಲಿಗೆ ನಿಂತುಹೋಯಿತು.

"ಎಂತ ಮಾಡ್ತಿದ್ಲು ಅಪ್ಪ?" ಎಂದು ಕೇಳಿದಳು ಕೃತಿಕಾ.

ರೇಣುಕಪ್ಪನಿಗೆ ಗೊತ್ತಿರಲಿಲ್ಲ. ಮಗು ಅತ್ತಾಗಲೆಲ್ಲ ಅವನು ಮಿಲ್ಲಿನ ಕಡೆ ಹೊರಟುಬಿಡುತ್ತಿದ್ದ. ಒಳಗೆ ಹೆಂಡತಿ ಏನು ಮಾಡಿ ಸುಮ್ಮನಿರಿಸುತ್ತಿದ್ದಳು ಎಂದು ಒಂದು ದಿನವೂ ನಿಂತು ನೋಡಿರಲಿಲ್ಲ.

ಆ ನಾಲ್ಕೂವರೆ ವಿಡಿಯೋ ಈಗ ಒಂದೇ ಕಡೆ ಇಲ್ಲ. ಕೃತಿಕಾಳ ಮೊಬೈಲಿನಲ್ಲಿದೆ, ಎನ್.ಆರ್. ಪುರದಲ್ಲಿ ಅವಳ ಗಂಡ ಸೋಮನಾಥನ ಹತ್ತಿರ ಇದೆ, ಇಂಟರ್ನೆಟ್ಟಿನ ಖಾತೆಯಲ್ಲಿ ಅರ್ಪಣಾ ಹಾಕಿಕೊಟ್ಟಿದ್ದಾಳೆ. ಒಂದು ಪೆನ್ ಡ್ರೈವ್ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿದೆ. ಲಿಂಗಪ್ಪನೂ ಒಂದು ದಿನ ತನ್ನ ಮೊಬೈಲು ಹಿಡಿದು ಗ್ರಂಥಾಲಯಕ್ಕೆ ಬಂದ. "ನಮ್ಮವ್ವ ಮಾತಾಡಿದ್ದಿದೆ ಇದರಲ್ಲಿ. ಇನ್ನೊಂದು ಕಡೆಗೂ ಹಾಕ್ಕೊಡು ಮಾರಾಯ್ತಿ" ಎಂದು ತಲೆ ತಗ್ಗಿಸಿ ಕೇಳಿದ.

ಕೃತಿಕಾಳಿಗೆ ಹೆಣ್ಣು ಮಗು. ಲಿಂಗಪ್ಪನ ಹೆಂಡತಿ ದಿನಾ ಬಂದು ನೀರು ಹಾಕುತ್ತಾರೆ. ಮಗು ಹಟ ಹಿಡಿದು ಅತ್ತಾಗ ರೇಣುಕಪ್ಪ ಈಗ ಮಿಲ್ಲಿಗೆ ಹೋಗುವುದಿಲ್ಲ. ಒಳಗೆ ಬಂದು ಎತ್ತಿಕೊಳ್ಳುತ್ತಾನೆ. ಭುಜ ತಟ್ಟಿ ನೋಡುತ್ತಾನೆ, ಬೆನ್ನು ಸವರಿ ನೋಡುತ್ತಾನೆ, ವೀರಮ್ಮ ಮಾಡುತ್ತಿದ್ದುದು ಇದೇ ಇರಬಹುದೇ ಎಂದುಕೊಳ್ಳುತ್ತಾನೆ. ಹೇಳಲು ಯಾರೂ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಂಪ್ಯೂಟರು ಒಂದು ದಿನ ಶುರುವಾಗದಿದ್ದರೆ ಮತ್ತೆ ಮತ್ತೆ ಸ್ವಿಚ್ ಹಾಕಬೇಡಿ. ಬಿಸಿಲಿಗೂ ಬೆಂಕಿಗೂ ಇಡಬೇಡಿ. ಸದ್ದು ಬಂದರೆ ಆ ಕ್ಷಣವೇ ಆರಿಸಿ. ಅಂಗಡಿಗೆ ಕೊಡುವಾಗ, "ಒಳಗಿರುವುದನ್ನು ಮೊದಲು ತೆಗೆದುಕೊಡಿ, ಅದಾಗುವ ತನಕ ಏನೂ ಹೊಸದಾಗಿ ಹಾಕಬೇಡಿ" ಎಂದು ಬಾಯಿಬಿಟ್ಟು ಹೇಳಿ. ಆದರೆ ಆ ದಿನ ಬರುವ ತನಕ ಕಾಯಲೇಬೇಡಿ. ನಿಮ್ಮ ಮನೆಯಲ್ಲಿ ಒಂದೇ ಕಡೆ ಉಳಿದಿರುವ ದನಿ ಯಾರದು, ಮುಖ ಯಾರದು? ಈ ಹಾಳೆಯನ್ನು ಕೆಳಗಿಟ್ಟು ಎದ್ದು ಹೋಗಿ ನೋಡಿ. ಇವತ್ತೇ ಅದನ್ನು ಇನ್ನೊಂದು ಕಡೆಯೂ ಇಡಿ.