ಹೊಗೆಯಿಲ್ಲದ ಕೆಂಡ

ಜುಲೈ ಬಂತೆಂದರೆ, ಭೂಮಧ್ಯರೇಖೆಯ ದಕ್ಷಿಣಕ್ಕಿರುವ ನಮ್ಮ ದಿಯೆಂಗ್ ಪ್ರಸ್ಥಭೂಮಿಯಲ್ಲಿ ಬೆಳಗಿನ ನೀರು ಕೈ ಕಚ್ಚುತ್ತದೆ. ಆಲೂಗಡ್ಡೆ ಹೊಲದ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದನ್ನು ನಾವು ವಿಷದ ಇಬ್ಬನಿ ಎನ್ನುತ್ತೇವೆ. ಅದು ಬಿದ್ದ ಗಿಡ ಸುಟ್ಟಂತೆ ಕಪ್ಪಾಗುತ್ತದೆ. ಕೆಳಗಿನ ಊರುಗಳ ಜನ ಅದನ್ನೇ ಮುಟ್ಟಿ ನೋಡಲು ಬರುತ್ತಾರೆ, ಗುಡ್ಡ ಹತ್ತುತ್ತಾರೆ, ಡೇರೆ ಹಾಕುತ್ತಾರೆ.

ತುಮಿರಾ ಅಜ್ಜಿಯ ಮೊಮ್ಮಗಳು, ಎಂಟು ವರ್ಷದ ವೆನಿಂಗ್, ಕಡಲ ಬದಿಯ ಸೆಕೆಯ ಊರಿನಿಂದ ತಾಯಿ ಸುಪ್ರಿ ಜೊತೆ ಅದಕ್ಕೇ ಬಂದಿದ್ದಳು. ಅಜ್ಜಿ ಅವರಿಗೆ ಹೊಸ ಇಟ್ಟಿಗೆ ಕೋಣೆಯಲ್ಲಿ ಹಾಸಿಗೆ ಹಾಸಿದಳು. ಮಗು ನಡುಗಬಾರದೆಂದು ಅಗ್ಗಿಷ್ಟಿಕೆಯಲ್ಲಿ ನಿಗಿನಿಗಿ ಕೆಂಡ ತುಂಬಿ ಕಾಲ ಬಳಿ ಇಟ್ಟಳು. ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ತಾನು ಅಡುಗೆಮನೆಗೆ ಹೋಗಿ ಮಲಗಿದಳು.

ಬೆಳಗ್ಗೆ ವೆನಿಂಗ್ ಎದ್ದವಳೇ ವಾಂತಿ ಮಾಡಿಕೊಂಡಳು.

"ತಲೆ ಒಡೀತಿದೆ ಅಜ್ಜಿ."

"ನಂಗೂ ಹಾಗೇ ಆಗ್ತಿದೆ," ಎಂದು ಸುಪ್ರಿ ಗೋಡೆ ಹಿಡಿದು ನಿಂತಳು.

"ಮೈಗೆ ಗಾಳಿ ಹೊಕ್ಕಿದೆ. ಬಾಗಿಲು ಹಾಕು, ಇನ್ನೊಂದಿಷ್ಟು ಇದ್ದಲು ತರ್ತೀನಿ." ಅಜ್ಜಿ ಎಣ್ಣೆ ಹಚ್ಚಿ ನಾಣ್ಯದಿಂದ ಮಗುವಿನ ಬೆನ್ನು ಕೆರೆಯಲು ಕುಳಿತಳು. ನಮ್ಮಲ್ಲಿ ಮೈಗೆ ಗಾಳಿ ಹೊಕ್ಕರೆ ಮೊದಲ ಮದ್ದು ಅದೇ.

ಅಷ್ಟರಲ್ಲಿ ಪಕ್ಕದ ಮನೆಯ ಆರೋಗ್ಯ ಕಾರ್ಯಕರ್ತೆ ವಿಗಾತಿ, ಮಗುವನ್ನು ಗುಡ್ಡಕ್ಕೆ ಕರೆದೊಯ್ಯಲು ಬಂದಳು. ಅಗ್ಗಿಷ್ಟಿಕೆಯ ಪಕ್ಕ ಮಲಗಿದ್ದ ಬೆಕ್ಕು ಎದ್ದು ಎರಡು ಹೆಜ್ಜೆ ಇಟ್ಟು ವಾಲಿ ಬಿತ್ತು.

"ಬೆಕ್ಕಿಗೂ ಗಾಳಿ ಹೊಕ್ಕಿದ್ಯಾ ಅಜ್ಜಿ? ಅದರ ಬೆನ್ನೂ ಕೆರೀತೀರಾ?" ಎಂದವಳೇ ವಿಗಾತಿ ಮಗುವನ್ನು ಕಂಬಳಿ ಸಮೇತ ಎತ್ತಿಕೊಂಡಳು. "ಎಲ್ರೂ ಹೊರಗೆ ಬನ್ನಿ. ಈಗಲೇ!"

"ಆ ಚಳಿಗೆ ಮಗೂನ ಕೊಲ್ತೀಯೇನೇ!"

"ಚಳಿಗೆ ಕಂಬಳಿ ಇದೆ. ಈ ಕೋಣೇಲಿ ಉಸಿರಾಡೋಕೆ ಏನಿದೆ?"

ಆಲೂಗಡ್ಡೆ ಸಾಗಿಸುವ ಗಾಡಿಯಲ್ಲೇ ಎಲ್ಲರೂ ಆರೋಗ್ಯ ಕೇಂದ್ರ ಸೇರಿದರು. ತಾಯಿ ಮಗಳಿಗೆ ಆಮ್ಲಜನಕ ಹಾಕಿದರು. ಅಜ್ಜಿ ಹೊರಗೆ ಬೆಂಚಿನ ತುದಿಯಲ್ಲಿ ಕುಳಿತಳು, ಪಕ್ಕದಲ್ಲಿ ವಿಗಾತಿ.

"ಅರವತ್ತು ವರ್ಷ ಕೆಂಡದ ಪಕ್ಕದಲ್ಲೇ ಬದುಕಿದೀನಿ. ನಂಗೇನಾಯ್ತೇ?"

"ನಿಮ್ಮ ಅಡುಗೆಮನೆ ಬಿದಿರಿನ ತಟ್ಟಿ ಅಜ್ಜಿ, ಗಾಳಿ ನೂರು ಕಡೆ ತೂರುತ್ತೆ. ಹೊಸ ಕೋಣೆ ಮುಚ್ಚಿದ ಡಬ್ಬಿ."

"ಹೊಗೇನೇ ಇರ್ಲಿಲ್ವಲ್ಲ!"

"ಅದೇ ಮೋಸ. ಕೆಂಡದ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರನ್ನ ನಿದ್ದೇಲೇ ಕೊಂದುಬಿಡುತ್ತೆ."

ಅಜ್ಜಿ ತನ್ನ ಅಂಗೈ ನೋಡಿಕೊಂಡಳು. "ನಾನೇ, ನನ್ನ ಕೈಯಾರೆ..."

"ನೀವು ಪ್ರೀತಿಯಿಂದ ಇಟ್ರಿ. ಹೇಳಬೇಕಾದವರು ನಿಮಗೆ ಹೇಳ್ಲಿಲ್ಲ."

ನಿಜ, ಹೇಳಲಿಲ್ಲ. ನಮ್ಮ ಚಳಿಯನ್ನು ಚಿತ್ರ ಮಾಡಿ ಮಾರುವ ಪ್ರವಾಸೋದ್ಯಮದವರಿಗೆ ಊರ ಬಾಗಿಲಲ್ಲಿ ಮೂರಾಳೆತ್ತರದ ಸ್ವಾಗತ ಫಲಕ ನಿಲ್ಲಿಸಲು ಬರುತ್ತದೆ. ಡೇರೆಯೊಳಗೆ ಕೆಂಡ ಒಯ್ಯಬೇಡಿ ಎಂದು ಒಂದು ಸಾಲು ಬರೆಯಲು ಬಣ್ಣ ಸಾಲುವುದಿಲ್ಲ! ಅವರು ಬರೆಯುವವರೆಗೆ ಕಾಯುತ್ತ ಕೂತರೆ ಸಾಯುವುದು ನಮ್ಮ ಮಕ್ಕಳು, ನಮ್ಮನ್ನು ನಂಬಿ ಬಂದ ಅತಿಥಿಗಳು.

ಮಧ್ಯಾಹ್ನ ವೆನಿಂಗ್ ಕಣ್ಣರಳಿಸಿದಳು. "ಮಂಜೆಲ್ಲ ಕರಗಿಹೋಯ್ತಾ ಅಜ್ಜಿ?"

"ನಾಳೆ ಮತ್ತೆ ಬೀಳುತ್ತೆ ಮಗಾ. ನೀನು ಇದ್ರೆ ಸಾಕು."

ಅಂದು ಸಂಜೆ ಅಜ್ಜಿ ವಿಗಾತಿಯ ಜೊತೆ ಗುಡ್ಡದ ಡೇರೆಗಳ ಸಾಲಿಗೆ ಹೋದಳು. ಒಂದೊಂದು ಡೇರೆಗೂ ಬಗ್ಗಿ, "ಕೆಂಡ ಇದ್ಯೇನ್ರೋ? ಹೊರಗೆ ತೆಗೀರಿ ಮೊದ್ಲು! ಕಂಬಳಿ ಸಾಲದಿದ್ರೆ ನಮ್ಮನೇದು ಕೊಡ್ತೀನಿ," ಎಂದು ಗದರಿದಳು.

ಓದುತ್ತಿರುವ ಅಕ್ಕ, ಅಣ್ಣ, ಮಲಗುವ ಕೋಣೆಗೆ, ಡೇರೆಗೆ ಕೆಂಡ ಒಯ್ಯಲೇಬೇಡಿ. ಕಿಟಕಿ ಸ್ವಲ್ಪ ತೆರೆದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕೆಂಡವಿದ್ದ ಕಡೆ ತಲೆನೋವು, ತಲೆಸುತ್ತು, ವಾಂತಿ ಬಂದರೆ ಎಲ್ಲರೂ ತಕ್ಷಣ ಬಯಲಿಗೆ ಬನ್ನಿ, ಆಸ್ಪತ್ರೆಗೆ ಓಡಿ. ಇವತ್ತು ನಿಮ್ಮ ಮನೆಯ ಮಗು ಎಲ್ಲಿ ಮಲಗುತ್ತದೆ? ಹೋಗಿ, ಆ ಕೋಣೆಯನ್ನು ಒಮ್ಮೆ ನೋಡಿ ಬನ್ನಿ.