ಒಲೆಗೆ ಹೋದ ಹಣ

ನನ್ನ ಎರಡನೆಯ ಮಗಳು ವಿಆಮ್‌ಗೆ ಹೆಸರಿಟ್ಟ ದಿನ, ಬಂದವರೆಲ್ಲ ಉಂಡು ಗಂಡಸರು ಪುದೀನಾ ಟೀ ಕುಡಿಯುತ್ತ ಕುಳಿತಿದ್ದಾಗ, ನನ್ನ ಗಂಡನ ಅಣ್ಣ ಬೂಶ್ತಾ ಎದ್ದುಹೋಗಿ ನಮ್ಮ ಹೊಸ ಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಕಲ್ಲಂಗಡಿ ಕೊಳ್ಳುವವರು ತಟ್ಟುತ್ತಾರಲ್ಲ, ಹಾಗೆ.

"ಗಟ್ಟಿಯಾಗಿದೆ ಕಣೋ ಜೀಲಾಲಿ," ಅಂದ. "ನನ್ನ ಹುಡುಗರ ಕಾಲಕ್ಕೂ ಇದಕ್ಕೇನೂ ಆಗಲ್ಲ."

ಎಲ್ಲರೂ ನಕ್ಕರು. ನನ್ನ ಗಂಡ ಜೀಲಾಲಿಯೂ ನಕ್ಕ. ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದ ನನಗೆ ಮಾತ್ರ ನಗು ಬರಲಿಲ್ಲ.

ಬೂಶ್ತಾನಿಗೆ ಮೂವರು ಗಂಡುಮಕ್ಕಳು. ನಮಗೆ ಇಬ್ಬರೂ ಹೆಣ್ಣು. ಇನ್ನು ಮಕ್ಕಳಾಗುವುದಿಲ್ಲವೆಂದು ಹೆರಿಗೆ ಮಾಡಿಸಿದ ಡಾಕ್ಟರಮ್ಮ ಹೇಳಿಬಿಟ್ಟಿದ್ದಳು. ಗಂಡುಮಗನಿಲ್ಲದವನು ಸತ್ತರೆ ಅವನ ಮನೆಯಲ್ಲಿ ಹೆಂಡತಿಗೆ ಎಂಟರಲ್ಲೊಂದು ಪಾಲು, ಹೆಣ್ಣುಮಕ್ಕಳಿಗೆ ಮೂರರಲ್ಲೆರಡು, ಮಿಕ್ಕದ್ದು ಒಡಹುಟ್ಟಿದವನಿಗೆ. ಕಾಗದದ ಮೇಲೆ ಆ ಮಿಕ್ಕದ್ದು ಸಣ್ಣದು. ಆದರೆ ಎರಡು ಕೋಣೆಯ ಮನೆಯಲ್ಲಿ ಮಿಕ್ಕದ್ದು ಅಂದರೆ ಯಾವುದು? ಮೆಟ್ಟಿಲೋ, ಬಚ್ಚಲೋ? ಎದುರು ಬೀದಿಯ ಮಮ್ಮಾಸ್‌ಳ ಗಂಡ ತೀರಿಕೊಂಡ ಮೇಲೆ ಅವಳ ಮೈದುನ ಒಂದು ಹಾಸಿಗೆ ಸುರುಳಿ ತಂದು ಅಂಗಳದ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡು ಹೋದ. ಅಷ್ಟೇ ಮಾಡಿದ್ದು. ಎರಡು ವರ್ಷದಲ್ಲಿ ಅವಳು ಮನೆ ಮಾರಿ ಪಾಲು ಕೊಟ್ಟು ತವರಿನ ಹಳ್ಳಿಗೆ ಹೊರಟುಹೋದಳು.

ಅದಕ್ಕೇ ನಮ್ಮ ಸೆಫ್ರೂ ಊರಿನಲ್ಲಿ ಬರೀ ಹೆಣ್ಣುಮಕ್ಕಳಿರುವ ಅಪ್ಪಂದಿರು ಬದುಕಿದ್ದಾಗಲೇ ಅದೂಲರ ಹತ್ತಿರ ಹೋಗಿ, ಯಾವಾಗಲೂ ಜೋಡಿಯಾಗಿಯೇ ಕುಳಿತು ಪತ್ರ ಬರೆಯುವ ಆ ಇಬ್ಬರ ಮುಂದೆ, ಮನೆಯನ್ನು ಮಕ್ಕಳ ಹೆಸರಿಗೆ ದಾನ ಬರೆದುಬಿಡುತ್ತಾರೆ. ಆಮೇಲೆ ಯಾವ ಅಣ್ಣನೂ ಗೋಡೆ ತಟ್ಟುವ ಹಾಗಿಲ್ಲ.

ಅವತ್ತು ಎಲ್ಲರೂ ಹೋದ ಮೇಲೆ ಜೀಲಾಲಿಯನ್ನು ಕೇಳಿದೆ. ಅವನು ತಟ್ಟೆಯಲ್ಲಿ ಉಳಿದಿದ್ದ ಬಾದಾಮಿ ತಿನ್ನುತ್ತಿದ್ದ.

"ಬರೆಯೋಣ, ಯಾರು ಬೇಡ ಅಂದ್ರು? ಆದ್ರೆ ಮನೆ ಬ್ಯಾಂಕಿನ ಅಡವಲ್ಲಿದೆ. ಸಾಲ ತೀರೋವರೆಗೂ ಬ್ಯಾಂಕು ಒಂದು ಇಟ್ಟಿಗೆ ಕೂಡ ಯಾರ ಹೆಸರಿಗೂ ಬರೆಯೋಕೆ ಬಿಡಲ್ಲ."

"ತೀರೋದು ಯಾವಾಗ?"

"ಇಪ್ಪತ್ತೈದು ವರ್ಷ."

"ಅಷ್ಟರಲ್ಲಿ ನಿನಗೇನಾದ್ರೂ ಆದ್ರೆ?"

"ನೋಡು, ಕೂಸಿಗೆ ಹೆಸರಿಟ್ಟ ದಿನವೇ ನನ್ನನ್ನ ಮಣ್ಣು ಮಾಡ್ತಿದಾಳೆ!" ಎಂದು ಜೋಕು ಮಾಡಿದ. ಆಮೇಲೆ ಗಂಭೀರವಾಗಿ, "ಸಾಲ ಬೇಗ ತೀರಿಸೋಣ ಯಾಮ್ನಾ. ತೀರಿದ ಮಾರನೇ ದಿನ ಅದೂಲರ ಹತ್ರ ಹೋಗೋಣ. ನನ್ನ ತಾಯಾಣೆ," ಅಂದ.

ಆ ಆಣೆಯನ್ನು ನಂಬಿ ನಾನು ಒಂದು ಏರ್ಪಾಡು ಮಾಡಿದೆ. ನಗರಸಭೆಯ ನೀರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಜೀಲಾಲಿಯ ಸಂಬಳದಲ್ಲಿ ಕಂತು ಕಳೆದು ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ಕೂಡಿಟ್ಟು ವರ್ಷಕ್ಕೊಮ್ಮೆ ಅಸಲಿಗೆ ಕಟ್ಟುವುದು. ಹೊಟ್ಟೆ, ಬಟ್ಟೆ, ಗ್ಯಾಸು, ದೀಪ, ಶಾಲೆ, ಔಷಧಿ ಎಲ್ಲ ನನ್ನ ದುಡಿಮೆಯಲ್ಲಿ.

ನನ್ನ ದುಡಿಮೆ ಎಂದರೆ ಗುಂಡಿ. ನಮ್ಮೂರ ಹೆಂಗಸರೆಲ್ಲ ಮಾಡುವುದು ಅದನ್ನೇ. ಜೆಲ್ಲಾಬಾ ನಿಲುವಂಗಿಯ ಎದೆಯುದ್ದಕ್ಕೂ ಸಾಲಾಗಿ ಇರುತ್ತವಲ್ಲ, ರೇಷ್ಮೆ ದಾರದ ಸಣ್ಣ ಗುಂಡಿಗಳು, ಅವು ಸೂಜಿಯ ತುದಿಯಲ್ಲಿ ಒಂದೊಂದಾಗಿ ಹುಟ್ಟಬೇಕು. ವ್ಯಾಪಾರಿ ಒಂದು ಅಂಗಿಯ ಗುಂಡಿಗೆ ಕೊಡುವ ಹಣದಲ್ಲಿ ಅರ್ಧ ಕೋಳಿ ಬರುತ್ತಿತ್ತು, ಕೆಲವು ತಿಂಗಳು ಅದೂ ಇಲ್ಲ. ನಾನು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಗುಂಡಿ ಮಾಡಿದೆ, ಜ್ವರದಲ್ಲಿ ಮಾಡಿದೆ, ಮದುವೆಮನೆಯ ಮೂಲೆಯಲ್ಲಿ ಕುಳಿತು ಮಾಡಿದೆ. ಬೆಳಗಿನ ಜಾವ ಎದ್ದು ಪದರ ರೊಟ್ಟಿ ತಟ್ಟಿ ಎರಡು ಕಾಫಿ ಅಂಗಡಿಗಳಿಗೆ ಕೊಟ್ಟೆ.

ಸಕ್ಕರೆಯ ದೊಡ್ಡ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಬೀಗ ಹಾಕಿಡುತ್ತಿದ್ದೆ. ಬಂದವರಿಗೆ ಸಿಹಿ ಟೀ, ನಮಗೆ ಬರೀ ಪುದೀನಾದ ನೀರು. ಸಾರ್ವಜನಿಕ ಸ್ನಾನದ ಮನೆಗೆ ಎರಡು ವಾರಕ್ಕೊಮ್ಮೆ. ಶುಕ್ರವಾರದ ಕೂಸ್‌ಕೂಸ್ ಮೇಲೆ ಏಳು ಬಗೆ ತರಕಾರಿ, ನಡುವೆ ಒಂದು ಮೂಳೆ.

"ಈ ಮೂಳೆಗೂ ಒಂದು ಹೆಸರಿಡೋಣ," ಎನ್ನುತ್ತಿದ್ದ ಜೀಲಾಲಿ. "ಪ್ರತಿ ಶುಕ್ರವಾರ ಬರುತ್ತೆ ಪಾಪ, ಮನೆಯವರಲ್ಲೊಬ್ಬ ಆಗಿಬಿಟ್ಟಿದೆ."

ನಗುತ್ತಿದ್ದೆವು. ಆಗ ನಾವು ನಾಲ್ವರೂ ಒಂದೇ ಕಡೆ ಇದ್ದೆವು, ಬ್ಯಾಂಕು ಆಚೆ ಕಡೆ. ಹಾಗೆಂದು ನಾನು ತಿಳಿದಿದ್ದೆ.

ದೊಡ್ಡ ಹಬ್ಬಕ್ಕೆ ಟಗರು ತರದೆ ಇರುವುದು ನಮ್ಮಲ್ಲಿ ಬತ್ತಲೆ ಬೀದಿಗೆ ಹೋದ ಹಾಗೆ. ಒಂದು ಟಗರಿನ ಬೆಲೆ ಬ್ಯಾಂಕಿನ ಎರಡು ಕಂತು. ನಾವು ತರಲಿಲ್ಲ. ಹಬ್ಬದ ಹಿಂದಿನ ದಿನ ಕಟುಕನಿಂದ ಸ್ವಲ್ಪ ಕುರಿಯ ಈಲಿ ತಂದಿಟ್ಟುಕೊಂಡು, ಹಬ್ಬದ ದಿನ ಎಲ್ಲರ ಮಾಳಿಗೆಯ ಮೇಲೆ ಹೊಗೆ ಎದ್ದಾಗ ನಾನೂ ಕೆಂಡ ಮಾಡಿ ಸುಟ್ಟೆ. ಹೊಗೆಗೆ ಹೊಗೆ, ವಾಸನೆಗೆ ವಾಸನೆ. ಪಕ್ಕದ ಮಾಳಿಗೆಯಿಂದ ಫ್ದೀಲಾ ಇಣುಕಿದಳು.

"ಹಬ್ಬದ ಶುಭಾಶಯ ಲಲ್ಲಾ ಯಾಮ್ನಾ! ನಿಮ್ಮ ಟಗರು ಬಹಳ ಮರ್ಯಾದಸ್ತ ಬಿಡಿ, ಒಂದ್ಸಲಾನೂ ಕೂಗಲಿಲ್ಲ!"

"ನಿಮ್ಮ ಮನೇದು ಕೂಗಿದ್ದೇ ಬೀದಿಗೆಲ್ಲ ಸಾಕಾಯ್ತಲ್ಲ," ಅಂದೆ. ಆಮೇಲೆ ಕೆಳಗಿಳಿದು ಬಾಗಿಲು ಮುಚ್ಚಿಕೊಂಡು ಅತ್ತೆ.

ಇದೆಲ್ಲ ಹೊಟ್ಟೆಯ ಮಾತು, ಮರೆತುಹೋಗುತ್ತದೆ. ಇಬ್ತಿಸಾಮ್‌ಳದು ಮರೆಯುವುದಿಲ್ಲ. ದೊಡ್ಡ ಮಗಳು. ಶಾಲೆ ಮುಗಿಸಿದ ವರ್ಷ ಫೆಸ್ ನಗರದಲ್ಲಿ ನರ್ಸಿಂಗ್ ಓದಲು ಅವಳಿಗೆ ಸೀಟು ಸಿಕ್ಕಿತ್ತು. ಓದು ಪುಕ್ಕಟೆ, ಆದರೆ ಅಲ್ಲಿ ಉಳಿಯಲು ಕೋಣೆ ಬೇಕು, ಊಟ ಬೇಕು. ಸಾಲ ತೀರಲು ಇನ್ನು ಮೂರೋ ನಾಲ್ಕೋ ವರ್ಷವಿತ್ತು. ಅವಳನ್ನು ಕೂರಿಸಿಕೊಂಡು ಹೇಳಿದೆ:

"ಇದು ನಿನ್ನದೇ ಮನೆ ಆಗುತ್ತೆ ಮಗಳೇ. ನಿನ್ನ ಕಾಲ ಕೆಳಗೆ ನಿನ್ನದೇ ನೆಲ ಇರುತ್ತೆ. ಅಂಥದ್ದು ನಿನ್ನ ಗೆಳತಿಯರಲ್ಲಿ ಯಾರಿಗಿದೆ?"

ಅವಳು ವಾದ ಮಾಡಲಿಲ್ಲ. "ಸೂಜಿ ಎಲ್ಲಿದೆ ಅಮ್ಮಾ?" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಗುಂಡಿ ಮಾಡುವ ಕೈ ನಾಲ್ಕಾದವು. ಆ ವರ್ಷ ನನ್ನ ಸರದಿಗೆ ಬಂದ ಹೆಂಗಸರ ಚೀಟಿಯ ಹಣವನ್ನೂ ಜೀಲಾಲಿಯ ಕೈಗಿಟ್ಟೆ. ಅವನು ಬ್ಯಾಂಕಿಗೆ ಕಟ್ಟಿ ಬಂದ.

ಒಂಬತ್ತು ವರ್ಷ ಮೊದಲೇ ಸಾಲ ತೀರಿತು. ಬ್ಯಾಂಕಿನಿಂದ ಜೀಲಾಲಿ ಬರುವಾಗ ದಾರದಲ್ಲಿ ಪೋಣಿಸಿದ ಬಿಸಿ ಎಣ್ಣೆ ವಡೆಗಳನ್ನು ಹಾರದ ಹಾಗೆ ಕೈಯಲ್ಲಿ ತೂಗಾಡಿಸುತ್ತ ಬಂದ. ಅಡವು ಬಿಡಿಸಿದ ಕಾಗದ ನೋಂದಣಿಯಾಗಿ ಬಂತು. ನಾನು ಪೆಟ್ಟಿಗೆಯಿಂದ ಒಳ್ಳೆಯ ಜೆಲ್ಲಾಬಾ ತೆಗೆದು ಗಾಳಿಗೆ ಹಾಕಿದೆ, ಅದೂಲರ ಹತ್ತಿರ ಹೋಗಲು.

"ಮುಂದಿನ ವಾರ," ಅಂದ. ಆಮೇಲೆ ಉಪವಾಸದ ತಿಂಗಳು ಬಂತು: "ಉಪವಾಸದಲ್ಲಿ ಯಾರು ಪತ್ರ ಬರೀತಾರೆ?" ಆಮೇಲೆ ಚೆರ್ರಿ ಜಾತ್ರೆ, ಆಮೇಲೆ ಅವನ ಮೊಣಕಾಲು ನೋವು. ಜೆಲ್ಲಾಬಾವನ್ನು ನಾನು ಮತ್ತೆ ಮಡಿಸಿಟ್ಟೆ.

ಆಲಿವ್ ಕೀಳುವ ಕಾಲದಲ್ಲಿ ಒಂದು ಭಾನುವಾರ ಬೂಶ್ತಾ ಒಂದು ಡಬ್ಬಿ ಹೊಸ ಎಣ್ಣೆ ಹಿಡಿದು ಬಂದ. ಟೀ ಬಗ್ಗಿಸುತ್ತ ಅವನೆದುರಿಗೇ ಮಾತೆತ್ತಿದೆ. ಅವನಿಲ್ಲದಾಗ ಎತ್ತಿ ಸಾಕಾಗಿತ್ತು.

"ಜೀಲಾಲಿ, ಅದೂಲರು ನಾಳೆ ಇರ್ತಾರಂತೆ."

ಜೀಲಾಲಿ ಅಣ್ಣನ ಮುಖ ನೋಡಿದ. ಉತ್ತರ ಅಲ್ಲಿಂದಲೇ ಬಂತು.

"ಯಾಮ್ನಾ, ಬೇಜಾರು ಮಾಡ್ಕೋಬೇಡ. ಬದುಕಿರೋವಾಗ್ಲೇ ಹೆಣದ ಕಫನ್ ಹೊಲಿಸಿ ಹಾಕ್ಕೊಂಡು ಓಡಾಡ್ತಾರಾ ಯಾರಾದ್ರೂ? ಇವತ್ತು ಹುಡುಗೀರಿಗೆ ಬರೀತಾನೆ. ನಾಳೆ ಅಳಿಯಂದಿರು ಬರ್ತಾರೆ. 'ಮಾವಾ, ಸ್ವಲ್ಪ ಆ ಕಡೆ ಸರೀರಿ, ಟೀವಿ ಇಡಬೇಕು' ಅಂತಾರೆ."

"ಹುಡುಗೀರು ಅಂಥವರಲ್ಲ."

"ಹುಡುಗೀರು ಅಲ್ಲ ತಾಯಿ, ಅಳಿಯಂದಿರು ಅಂದೆ ನಾನು."

"ಬರದೇ ಇರೋ ಅಳಿಯಂದಿರಿಗೆ ಹೆದರ್ತೀರಿ. ಬಂದು ಕೂತಿರೋ ಅಣ್ಣನಿಗೆ ನಾನು ಹೆದರಬಾರದಾ?"

ಬೂಶ್ತಾ ಲೋಟ ಕೆಳಗಿಟ್ಟ. "ಜೀಲಾಲಿ, ನಿನ್ನ ಹೆಂಡತಿ ನಾಲಿಗೆಗೆ ಹೊಸ ಎಣ್ಣೆ ಬೇಕಿಲ್ಲ, ಮೊದಲೇ ನುಣುಪಾಗಿದೆ," ಎಂದು ಎದ್ದು ಹೋದ. ಎಣ್ಣೆ ಡಬ್ಬಿ ಬಿಟ್ಟುಹೋದ.

ಬಾಗಿಲು ಹಾಕಿಕೊಂಡ ಮೇಲೆ ಕೇಳಿದೆ: "ತಾಯಾಣೆ ಮಾಡಿದ್ದೆ ನೀನು."

"ಇಲ್ಲ ಅಂದ್ನಾ ಈಗ? ಸ್ವಲ್ಪ ಉಸಿರಾಡೋಕೆ ಬಿಡು. ಇಷ್ಟು ವರ್ಷ ಬ್ಯಾಂಕಿನ ಮನೇಲಿದ್ದೆ. ನನ್ನ ಮನೇಲಿ ನಾನು ನಾಲ್ಕು ದಿನ ಇರಬಾರದಾ?"

"ನಿನ್ನ ಮನೆ. ಹಾಗಾದ್ರೆ ನನ್ನ ಅರ್ಧ ನನಗೆ ಬರೆದುಕೊಡು. ಅದನ್ನ ನಾನು ಮಕ್ಕಳಿಗೆ ಕೊಡ್ತೀನಿ."

ಅವನು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ನಿಜವಾದ ಆಶ್ಚರ್ಯವಿತ್ತು. ಸಿಟ್ಟಿದ್ದರೆ ಮರೆಯಬಹುದಿತ್ತು.

"ನಿನ್ನ ಅರ್ಧ? ಪ್ರತಿ ತಿಂಗಳು ಕಂತು ಹಿಡಿದದ್ದು ನನ್ನ ಸಂಬಳದಲ್ಲಿ, ಯಾಮ್ನಾ."

ಅವನು ಸುಳ್ಳು ಹೇಳಲಿಲ್ಲ. ಅವನ ಹಣ ಗೋಡೆಯಾಯಿತು, ಮಾಳಿಗೆಯಾಯಿತು, ಮೊಹರು ಬಿದ್ದ ಕಾಗದವಾಯಿತು. ನನ್ನ ಹಣವನ್ನು ನಾವು ತಿಂದೆವು. ಚೀಟಿಯ ಹಣ ಕೂಡ ಅವನ ಕೈಯಿಂದ ಹೋದದ್ದಕ್ಕೆ ಅವನದೇ ಆಗಿತ್ತು. ಆ ಏರ್ಪಾಡು ಮಾಡಿದವಳು ನಾನೇ ಎನ್ನುವುದನ್ನು ಅವನು ನೆನಪಿಸಲಿಲ್ಲ. ಅಷ್ಟು ಮರ್ಯಾದೆ ಉಳಿಸಿದ.

ಮಾರನೆಯ ದಿನ ನಾನೊಬ್ಬಳೇ ಅದೂಲರ ಹತ್ತಿರ ಹೋದೆ. ಹಳೆ ಊರಿನ ಬಾಗಿಲ ಬಳಿ ಸಣ್ಣ ಕೋಣೆ, ಒಬ್ಬರು ಮುದುಕರು, ಒಬ್ಬ ಚಿಕ್ಕ ವಯಸ್ಸಿನವನು.

"ಏನು ಬರೀಬೇಕು ಲಲ್ಲಾ?" ಚಿಕ್ಕವನು ಕೇಳಿದ.

"ನನ್ನ ಗಂಡನ ಮನೇಲಿ ಅರ್ಧ ನನ್ನದು ಅಂತ."

"ಅವರು ಬಂದಿದ್ದಾರಾ?"

"ಇಲ್ಲ."

ಅವನು ಪೆನ್ನು ಕೆಳಗಿಟ್ಟ. ಮುದುಕರು ಮಾತ್ರ ಕನ್ನಡಕ ಮೇಲೆತ್ತಿ, "ಬ್ಯಾಂಕಿಗೆ ನೀನು ಕಟ್ಟಿದ್ದಕ್ಕೆ ಏನಾದ್ರೂ ಗುರುತಿದ್ಯಾ ಮಗಳೇ?" ಎಂದರು.

"ಕಟ್ಟಿದ್ದು ಅವನು. ನಾನು ಹಿಟ್ಟು ತಂದೆ, ಎಣ್ಣೆ ತಂದೆ, ಗ್ಯಾಸು ತಂದೆ. ಮಕ್ಕಳ ಪುಸ್ತಕ, ಅವನ ಬೂಟು, ಅವನ ಅಮ್ಮನ ಔಷಧಿ."

ಮುದುಕರು ನಿಟ್ಟುಸಿರುಬಿಟ್ಟರು. "ಹೆಂಡತಿ ಮಕ್ಕಳಿಗೆ ಊಟ ಹಾಕೋದು ಗಂಡನ ಕರ್ತವ್ಯ. ಹೆಂಡತಿ ದುಡಿದಿದ್ದು ಹೆಂಡತೀದೇ. ಅದರಲ್ಲಿ ಒಂದು ಕಾಸೂ ಮನೆಗೆ ಹಾಕಬೇಕು ಅಂತಿಲ್ಲ. ಆದ್ರೂ ನೀನು ಹಾಕಿದೆ, ಅದು ನಿನ್ನ ದೊಡ್ಡತನ. ದೇವರು ನೋಡಿರ್ತಾನೆ."

"ದೇವರು ಇಲ್ಲಿ ಬಂದು ಸಾಕ್ಷಿ ಹೇಳ್ತಾನಾ?"

ಚಿಕ್ಕವನು ನಗು ತಡೆಯಲಾಗದೆ ಕೆಮ್ಮಿದ. ಮುದುಕರು ಅವನತ್ತ ಕಣ್ಣು ಬಿಟ್ಟು, ನನ್ನ ಕಡೆ ತಿರುಗಿ, "ವಿಚ್ಛೇದನಕ್ಕೆ ಹೋದ್ರೆ ಕೋರ್ಟಲ್ಲಿ ನಿನ್ನ ಪಾಲು ಕೇಳಬಹುದು. ಅಲ್ಲೂ ಗುರುತು ಕೇಳ್ತಾರೆ. ವಿಚ್ಛೇದನ ಬೇಕಾ?" ಎಂದರು.

"ಬೇಡ."

"ಮತ್ತೆ?"

ನಾನು ಎದ್ದೆ. ಟೀ ಕುಡಿದು ಹೋಗು ಎಂದರು. ಬೇಡವೆಂದೆ.

ಸೇತುವೆ ದಾಟಿ ಮನೆಗೆ ಬರುವಾಗ ಕಿವಿಯಲ್ಲಿ ಉಳಿದದ್ದು ದೇವರ ಮಾತಲ್ಲ, ಅದರ ಹಿಂದಿನದು. ಒಂದು ಕಾಸೂ ಹಾಕಬೇಕು ಅಂತಿಲ್ಲ.

ಅವತ್ತು ಸಂಜೆ ಜೀಲಾಲಿ ಊಟಕ್ಕೆ ಕುಳಿತಾಗ ಮೇಜಿನ ಮೇಲೆ ಏನೂ ಇರಲಿಲ್ಲ.

"ಏನು, ಇವತ್ತು ಉಪವಾಸವಾ?"

"ಮನೆಗೆ ತಂದುಹಾಕೋದು ಯಜಮಾನನ ಕರ್ತವ್ಯ ಅಂತೆ. ಅದೂಲರು ಹೇಳಿದ್ರು. ತಂದುಹಾಕು, ಬೇಯಿಸಿಕೊಡ್ತೀನಿ. ಗುಂಡಿ ದುಡ್ಡು ಇನ್ಮೇಲೆ ಗುಂಡಿ ಮಾಡಿದವರದು."

ಹಾಸ್ಯವೆಂದುಕೊಂಡ. ಮೂರು ದಿನ ಹಾಗೆಂದುಕೊಂಡ. ನಾಲ್ಕನೆಯ ದಿನ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿ ಬಿರಿದುಹೋದ ಮೂಲಂಗಿಯನ್ನೂ ಮೊಳಕೆ ಬಂದ ಆಲೂಗಡ್ಡೆಯನ್ನೂ ತಂದ. "ಟೊಮೇಟೊ ಇಷ್ಟಾಗಿದೆ ಅಂತ ನೀನು ಯಾವತ್ತೂ ಹೇಳಲೇ ಇಲ್ಲ," ಅಂದ, ತಪ್ಪು ನನ್ನದೆನ್ನುವ ಹಾಗೆ. ತಂದದ್ದನ್ನು ಬೇಯಿಸಿಟ್ಟೆ. ತಿಂಗಳು ಮುಗಿಯುವಷ್ಟರಲ್ಲಿ ಅವನು ಕಾಫಿ ಅಂಗಡಿಗೆ ಹೋಗುವುದು ನಿಂತಿತು.

"ಯಾಮ್ನಾ, ಜನ ಏನಂತಾರೆ?"

"ನಿನ್ನ ಮನೇಲಿ ನಿನ್ನ ಊಟ ಉಣ್ತಿದೀವಿ. ಏನಂತಾರೆ?"

ಒಂದು ಮಾತು, ಪತ್ರ ಬರೆಯೋಣ ಎನ್ನುವ ಒಂದೇ ಮಾತು ಆಡಿದ್ದರೆ ಮತ್ತೆ ಚೀಲ ನಾನೇ ಎತ್ತಿಕೊಳ್ಳುತ್ತಿದ್ದೆ. ಅವನು ಆಡಲಿಲ್ಲ. ಮೂಲಂಗಿ ಹೊರುವುದು ಅವನಿಗೆ ಅದಕ್ಕಿಂತ ಹಗುರವಾಗಿ ಕಂಡಿತು. ಅದನ್ನು ತಿಳಿದುಕೊಳ್ಳಲು ನನಗೆ ಒಂದು ಚಳಿಗಾಲ ಹಿಡಿಯಿತು.

ವಸಂತದಲ್ಲಿ ಚೀಟಿಯ ಸರದಿ ಮತ್ತೆ ನನ್ನದಾಯಿತು. ಇಬ್ತಿಸಾಮ್‌ಗೆ ಈಗ ಇಪ್ಪತ್ತೆರಡು. ಆಗ ಸಿಕ್ಕಿದ್ದ ಸೀಟು ಈಗ ಸಿಗಲಿಲ್ಲ, ಸಿಕ್ಕಿದ್ದು ಖಾಸಗಿ ಶಾಲೆಯೊಂದರಲ್ಲಿ ಆಸ್ಪತ್ರೆ ಸಹಾಯಕಿಯ ಎರಡು ವರ್ಷದ ಓದು. ದಾದಿಯಲ್ಲ, ದಾದಿಯ ಕೈಗೆ ತಟ್ಟೆ ಕೊಡುವವಳು. ಫೆಸ್‌ನಲ್ಲಿ ಒಂದು ಕೋಣೆ ನೋಡಿ, ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟೆ. ಜೀಲಾಲಿ ಬೇಡವೆನ್ನಲಿಲ್ಲ. "ಅಷ್ಟು ದುಡ್ಡು ಇತ್ತಾ ನಿನ್ನ ಹತ್ರ?" ಎಂದಷ್ಟೇ ಕೇಳಿದ.

ಹೊರಡುವ ದಿನ ಅವಳ ಕಂಬಳಿ, ಪಾತ್ರೆ ಕಟ್ಟುತ್ತಿದ್ದೆವು. ವಿಆಮ್ ಕೇಳಿದಳು: "ಅಕ್ಕಾ, ಆ ಕೋಣೆ ಹೇಗಿದೆ?"

"ಕಿಟಕಿ ಇಲ್ಲ. ಗೋಡೇಲಿ ತೇವ."

"ಓನರ್ ಯಾರು?"

"ಯಾರೋ ಮುದುಕಿ. ಪಕ್ಕಾ ಜುಗ್ಗಿ. ಬಾಡಿಗೆ ಒಂದು ದಿನ ತಡವಾದ್ರೂ ಸಾಮಾನು ಬೀದಿಗೆ ಅಂತ ಮೊದಲ ದಿನವೇ ಮುಖಕ್ಕೆ ಹೇಳಿದ್ಲು." ಇಬ್ತಿಸಾಮ್ ಹಗ್ಗ ಬಿಗಿದು ಗಂಟು ಹಾಕಿದಳು. "ಒಳ್ಳೆಯವಳು. ಮೊದಲೇ ಹೇಳಿಬಿಟ್ಲು."

'ನಿನ್ನದೇ ನೆಲ' ಎಂದಿದ್ದ ನನ್ನ ಕಡೆ ನೋಡಿ ಹೇಳಲಿಲ್ಲ. ನಾನು ಗಂಟಿನ ಇನ್ನೊಂದು ತುದಿ ಎತ್ತಿಕೊಂಡೆ. ಇಬ್ಬರೂ ಸೇರಿ ಮೆಟ್ಟಿಲಿಳಿಸಿ ಬಸ್ಸಿಗೆ ಹಾಕಿದೆವು.